ಕಡಲಿಗೆ ಹೆಪ್ಪು ಹಾಕುವವರು

ಯಾರೋ ಒಂದು ಬೆರಳಿನ ನೆಟಿಗೆ ಮುರಿದ ಹಾಗೆ ಸದ್ದಾಯಿತು. ಅರ್ಧರಾತ್ರಿ ಕಳೆದಿತ್ತು. ಮತ್ತೊಮ್ಮೆ ಆಗಬಹುದೆಂದು ಕಾದೆ, ಆಗಲಿಲ್ಲ. ಆಗ ನಾನು ಮಾಡಿದ ಮೊದಲ ಕೆಲಸವೆಂದರೆ ಕಣ್ಣು ಮುಚ್ಚಿಕೊಂಡದ್ದು. ನಮ್ಮೂರಿನಲ್ಲಿ ರಾತ್ರಿ ಸದ್ದು ಕೇಳಿದರೆ ಎದ್ದು ನೋಡುವವರಿಲ್ಲ. ಎದ್ದು ನೋಡಿದರೆ ಎಚ್ಚರವಿದ್ದೆ ಎಂದಾಗುತ್ತದೆ. ಎಚ್ಚರವಿದ್ದೆ ಎಂದಾದರೆ ಯಾಕಿದ್ದೆ ಎಂದು ಕೇಳುತ್ತಾರೆ. ಉಸಿರನ್ನು ಉದ್ದಕ್ಕೆ ಎಳೆದು, ನಿದ್ದೆಯಲ್ಲಿರುವವರ ಹಾಗೆ ನಿಧಾನವಾಗಿ ಬಿಟ್ಟೆ. ನನ್ನ ಎಡಕ್ಕೆ ಮೈನಾ ಮಲಗಿದ್ದಳು, ಅವಳಾಚೆಗೆ ಸಂಕವ್ವ. ಸಂಕವ್ವನ ಗೊರಕೆ ಎಲ್ಲೂ ತಡೆಯದೆ ನಡೆದಿತ್ತು. ಮೈನಾಳ ಕಡೆಯಿಂದ ಏನೂ ಕೇಳುತ್ತಿರಲಿಲ್ಲ. ಅದು ನನಗೆ ಆಗಲೇ ಸರಿಯೆನಿಸಲಿಲ್ಲ.

ಬೆಳಿಗ್ಗೆ ನೋಡಿದರೆ ಅವರಿಬ್ಬರ ಹಾಸುಗಳ ನಡುವೆ ಹೆಪ್ಪು ಬಿರಿದಿತ್ತು. ಬೆರಳು ತೂರುವಷ್ಟು ಸಂದು, ಒಳಗೆ ಕಪ್ಪು ನೀರು. ಸಂಕವ್ವ ತನ್ನ ಕಂಬಳಿ ಕೊಡವುತ್ತ ಸಂದನ್ನು ನೋಡಿದಳು, ಮೈನಾಳನ್ನು ನೋಡಿದಳು, ಏನೂ ಮಾತಾಡಲಿಲ್ಲ. ಸಂಕವ್ವ ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಡಲು ಗಟ್ಟಿಯಾದರೆ ನಾವದನ್ನು ಹೆಪ್ಪು ಅನ್ನುತ್ತೇವೆ. ನಮ್ಮೂರಿನವರು ಮಲಗಿ ನಿದ್ದೆ ಹೋದ ಜಾಗದಲ್ಲಿ ಹೆಪ್ಪು ಕರಗುವುದಿಲ್ಲ. ಹಿಂದೆ ಇದಕ್ಕೆ ಅಂಥ ಬೆಲೆಯೇನೂ ಇರಲಿಲ್ಲ. ವರ್ಷದ ಮುಕ್ಕಾಲು ಪಾಲು ಕಡಲು ತಾನಾಗಿಯೇ ಕಲ್ಲಿನಂತಿರುತ್ತಿತ್ತು. ವಸಂತದಲ್ಲಿ ಹಕ್ಕಿಬಂಡೆಗೆ ಮೊಟ್ಟೆ ತರಲು ಹೋಗುವ ಮುಂಚೆ ನಾಲ್ಕು ಮನೆಯವರು ದಾರಿಯ ಮೇಲೆ ಒಂದೆರಡು ರಾತ್ರಿ ಮಲಗಿ ಬರುತ್ತಿದ್ದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಕಡಲಿಗೆ ಮನುಷ್ಯರನ್ನು ಹಾಕಬೇಕು, ಆಮೇಲೆ ಅಲುಗಾಡಿಸಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಬರಬರುತ್ತ ಕಡಲು ಬೆಚ್ಚಗಾಗಿ ಹೆಪ್ಪು ಉತ್ತರಕ್ಕೆ ಸರಿಯತೊಡಗಿತು. ಒಂದೆರಡು ರಾತ್ರಿ ಮಲಗುತ್ತಿದ್ದವರು ತಿಂಗಳುಗಟ್ಟಲೆ ಮಲಗಬೇಕಾಯಿತು. ಊರು ಅದಕ್ಕೂ ಹೊಂದಿಕೊಂಡಿತು. ಹೊತ್ತು ಮುಳುಗಿದ ಮೇಲೆ ಜಗಳ ತೆಗೆಯಬಾರದು ಎಂದಾಯಿತು. ಸಾವಿನ ಸುದ್ದಿಯನ್ನು ಬೆಳಿಗ್ಗೆಯೇ ಮುಟ್ಟಿಸಬೇಕು ಎಂದಾಯಿತು. ಗಂಡನ ಮೇಲೆ ಸಿಟ್ಟಿದ್ದ ಹೆಂಗಸರು ಮಧ್ಯಾಹ್ನವೇ ಅದನ್ನು ತೀರಿಸಿಕೊಳ್ಳುವುದನ್ನು ಕಲಿತರು.

ಆಮೇಲೆ, ಹೆಪ್ಪು ಸರಿದು ತೆರೆದ ನೀರಿನಲ್ಲಿ ರಾಜಧಾನಿಯ ಹಡಗು ಬಂತು. ಅದರಿಂದ ಇಳಿದ ವಿಶೇಷಾಧಿಕಾರಿಯ ಹೆಸರು ಅನಂತಶಯನ. ತೆಳ್ಳಗಿನ, ಸಭ್ಯ ಮನುಷ್ಯ. ಎಂದೂ ದನಿ ಎತ್ತಿದವರಲ್ಲ. ಮೀನು ಹೊಗೆಯಿಡುವ ಕೊಟ್ಟಿಗೆಯಲ್ಲಿ ಊರವರನ್ನೆಲ್ಲ ಸೇರಿಸಿ, ಗೋಡೆಗೆ ನಕ್ಷೆ ತೂಗುಹಾಕಿ, ಧ್ರುವಪ್ರದೇಶಗಳ ರಾಷ್ಟ್ರೀಯ ನೀತಿಯನ್ನು ಓದಿದರು. ನಕ್ಷೆಯಲ್ಲಿ ನಮ್ಮೂರು ಇರಲಿಲ್ಲ. ಹಕ್ಕಿಬಂಡೆ ಇತ್ತು, ಅದರ ಸುತ್ತ ಕೆಂಪು ಗೆರೆ. ನೀತಿಯಲ್ಲಿ ಬಹಳ ಮಾತುಗಳಿದ್ದವು. ಎಲ್ಲರಿಗೂ ನೆನಪಿನಲ್ಲಿ ಉಳಿದದ್ದು ಒಂದೇ: ಎಲ್ಲಿಯವರೆಗೆ ನಮ್ಮ ಜನ ಮಲಗುತ್ತಾರೋ ಅಲ್ಲಿಯವರೆಗೆ ನಮ್ಮ ದೇಶ.

"ಆ ಬಂಡೆ ಮೇಲೆ ಹಕ್ಕಿ ಹಿಕ್ಕೆ ಬಿಟ್ರೆ ಏನಿದೆ ಸ್ವಾಮಿ?" ಎಂದು ಸಂಕವ್ವ ಕೇಳಿದಳು.

"ಬಂಡೆಯ ಮೇಲೆ ಏನೂ ಇಲ್ಲಮ್ಮ," ಎಂದರು ಅವರು. "ಬಂಡೆಯ ಆಚೆ ದಾರಿ ಇದೆ. ನಾಳೆ ಎಲ್ಲ ದೇಶದ ಹಡಗುಗಳೂ ಅಲ್ಲಿಂದಲೇ ಹೋಗಬೇಕು. ನಾವು ಬಂಡೆ ಮುಟ್ಟದಿದ್ದರೆ ಆಚೆ ದಂಡೆಯವರು ಮುಟ್ಟುತ್ತಾರೆ."

ಆಚೆ ದಂಡೆ ಎಂದರೆ ಕೊಲ್ಲಿಯ ಪೂರ್ವಕ್ಕಿರುವ ಇನ್ನೊಂದು ದೇಶ. ಹೆಪ್ಪು ಇದ್ದ ಕಾಲದಲ್ಲಿ ನಮಗೆ ಅದು ದೇಶವಾಗಿರಲಿಲ್ಲ. ಜಾರುಬಂಡಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಿದ್ದೆವು. ಹೆಣ್ಣು ಕೊಡುತ್ತಿದ್ದೆವು, ತರುತ್ತಿದ್ದೆವು. ಮೈನಾ ಹಾಗೆ ಬಂದ ಕೊನೆಯ ಸೊಸೆ. ಅವಳ ಮದುವೆಯ ದಿಬ್ಬಣ ದಾಟಿದ ವಾರದಲ್ಲೇ ಕೊಲ್ಲಿಯ ಹೆಪ್ಪು ಒಡೆಯಿತು. ಅವಳ ತಾಯಿ ಅಲ್ಲೇ ಉಳಿದಳು.

ದಡದಿಂದ ಹಕ್ಕಿಬಂಡೆಯವರೆಗೆ ಮೂರು ಹಾಸಿನ ಅಗಲಕ್ಕೆ ಜನರನ್ನು ಮಲಗಿಸಿ ದಾರಿ ಹಾಕಿದರು. ಗಂಡಸರು ಬಂಡೆಯ ಕಡೆಗೆ, ಹೆಂಗಸರು ದಡದ ಕಡೆಗೆ. ಮೈನಾಳ ಗಂಡ ದುಗ್ಗಣ್ಣ ಬಂಡೆಯ ಬುಡದಲ್ಲೇ ಮಲಗುತ್ತಿದ್ದ; ಅಲೆ ಸಿಡಿಯುವ ಜಾಗ ಅದು. ಒಬ್ಬರು ನಿದ್ದೆಗೆಟ್ಟರೂ ದಾರಿ ಕಡಿಯುತ್ತದೆಂದು ನೀತಿಯಲ್ಲೇ ಬರೆದಿತ್ತಂತೆ. ಹಾಗೆ ನಿದ್ದೆಗೆಟ್ಟವರನ್ನು ಹಡಗು ಹತ್ತಿಸಿ ರಾಜಧಾನಿಗೆ ವಿಚಾರಣೆಗೆ ಕಳಿಸಬೇಕು. ದೋಣಿ ಕಟ್ಟುವ ತಿರುಕಯ್ಯನನ್ನು ಹಾಗೆ ಕರೆದೊಯ್ದಿದ್ದರು. ಅವನು ಮರಳಲಿಲ್ಲ. ಅವನ ಬಗ್ಗೆ ಕೇಳಿದರೆ ಅನಂತಶಯನರು, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ, ಎನ್ನುತ್ತಿದ್ದರು.

"ಹೆಸರು ನೋಡಿದ್ರೆ ಅನಂತಶಯನ," ಎಂದಿದ್ದಳು ಸಂಕವ್ವ, "ನಮ್ಮನ್ನೆಲ್ಲ ಕಡಲ ಮೇಲೆ ಮಲಗಿಸಿ ತಾನು ದಡದಲ್ಲಿ ಕಣ್ಣು ಬಿಟ್ಕೊಂಡು ಕೂತಿರ್ತಾನೆ."

ನಾನು ಆ ದಾರಿಯ ಮೇಲೆ ಒಂದು ರಾತ್ರಿಯೂ ನಿದ್ದೆ ಮಾಡಿರಲಿಲ್ಲ. ಮಲಗಲೇಬೇಕು ಎಂಬ ಅಪ್ಪಣೆ ಬಂದ ದಿನದಿಂದ ನಿದ್ದೆ ನನ್ನನ್ನು ಬಿಟ್ಟು ಹೋಗಿತ್ತು. ಹಗಲು ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸುವಾಗ ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿ ಉಸಿರಾಟದ ನಾಟಕ. ಆದರೂ ನನ್ನ ಕೆಳಗಿನ ಹೆಪ್ಪು ಗಟ್ಟಿಯಾಗಿಯೇ ಇತ್ತು. ಯಾಕೆಂದು ಯೋಚಿಸಲು ಹೆದರುತ್ತಿದ್ದೆ. ಸಿಕ್ಕಿದ್ದನ್ನು ಕೆದಕಬಾರದು.

ಬಿರುಕು ಕಂಡ ದಿನ ಅನಂತಶಯನರು ನನ್ನನ್ನು ಕರೆಸಿದರು. ನಾನು ಅವರ ಊರಿನ ಕಾಲೇಜಿನಲ್ಲಿ ಓದಿದವಳೆಂದು ಅವರಿಗೆ ನನ್ನ ಮೇಲೆ ಒಂದು ಬಗೆಯ ಸಲಿಗೆ. ಕುರ್ಚಿ ಕೊಟ್ಟರು, ತಾವೇ ಚಹಾ ಬಗ್ಗಿಸಿದರು. ಊರಿನಲ್ಲಿ ಬೇರೆ ಯಾರಿಗೂ ಚಹಾ ಕುಡಿಯಲು ಬಿಡುತ್ತಿರಲಿಲ್ಲ, ನಿದ್ದೆ ಕೆಡುತ್ತದೆಂದು. ನಾನು ಲೋಟ ಮುಟ್ಟಲಿಲ್ಲ. ಅವರು ಅದನ್ನು ಗಮನಿಸಿದರು.

"ಕುಮುದ ಅವರೇ, ನಿಮ್ಮ ಪಕ್ಕದಲ್ಲೇ ಬಿರಿದಿದೆ."

"ಪಕ್ಕದಲ್ಲಲ್ಲ ಸರ್. ಪಕ್ಕದವಳ ಪಕ್ಕದಲ್ಲಿ."

"ನೀವು ಮಾತನ್ನು ತೂಗಿ ಆಡುತ್ತೀರಿ, ಒಳ್ಳೆಯದು. ಆ ಹುಡುಗಿ ಆಚೆ ದಂಡೆಯವಳಲ್ಲವೇ? ಅವಳು ಬೇಕೆಂದೇ ಎಚ್ಚರವಿರುತ್ತಾಳೆ ಎನ್ನುತ್ತಾರೆ ಜನ."

"ಯಾವ ಜನ?"

ಅವರು ನಕ್ಕರು. "ನಾಡಿದ್ದು ಹಡಗು ಬರುತ್ತದೆ. ಅಷ್ಟರಲ್ಲಿ ನೋಡಿ ಹೇಳಿ. ನಾನು ಯಾರದೋ ಚಾಡಿಯನ್ನು ನಂಬುವವನಲ್ಲ. ನಿಮ್ಮ ಮಾತನ್ನು ನಂಬುತ್ತೇನೆ."

ಹೊರಗೆ ಬಂದು ಶಾಲೆಯ ಕಡೆ ನಡೆದೆ. ಇವರಿಗೆ ನನ್ನ ವಿಷಯ ಗೊತ್ತಿದೆಯೋ? ಗೊತ್ತಿದ್ದೇ ನನ್ನ ಬಾಯಿಂದ ಇನ್ನೊಬ್ಬಳ ಹೆಸರು ಬರಲೆಂದು ಕಾಯುತ್ತಿದ್ದಾರೋ? ಮೈನಾಳ ಹೆಸರು ಹೇಳಿದರೆ ನಾನು ಉಳಿಯುತ್ತೇನೆ ಎಂಬ ಯೋಚನೆ ಬರಲಿಲ್ಲ ಎಂದು ಹೇಳಲಾರೆ. ಬಂತು. ಬಂದು ಹೊಸ್ತಿಲಲ್ಲಿ ಕೂತಿತು.

ಅವತ್ತು ಇಡೀ ದಿನ ಮೈನಾಳ ಮೇಲೆ ಕಣ್ಣಿಟ್ಟೆ. ಅವಳಲ್ಲಿ ಏನೋ ಬಚ್ಚಿಟ್ಟ ನಡೆ ಇತ್ತು. ಹೆಂಗಸರ ಗುಂಪಿನಲ್ಲಿ ಕೂತು ಮೀನು ಸೀಳುವಾಗ ಎರಡು ಸಲ ಎದ್ದು ಹೋದಳು.

"ಎಲ್ಲಿಗೇ ಹಾಗೆ ಹಾರ್ತಾ ಹೋಗ್ತೀಯಾ, ತೌರಿಗೆ ಸುದ್ದಿ ಕಳಿಸೋಕಾ?" ಎಂದು ಯಾರೋ ಚುಚ್ಚಿದರು.

"ಹೂಂ, ಮೀನಿನ ಕೈಲಿ ಹೇಳಿ ಕಳಿಸ್ತೀನಿ. ನಿಮ್ಮದೇನಾದ್ರೂ ಇದ್ರೆ ಕೊಡಿ," ಎಂದಳು. ಎಲ್ಲರೂ ನಕ್ಕರು, ಆದರೆ ನಕ್ಕು ಮುಗಿಸಿದ್ದು ಬೇಗ.

ಸಂಜೆ ಅವಳು ಹೊಗೆ ಕೊಟ್ಟಿಗೆಯ ಹಿಂದಕ್ಕೆ ಹೋದಳು. ನಾನು ಮೀನಿನ ಪೀಪಾಯಿಗಳ ಮರೆಯಿಂದ ನೋಡಿದೆ. ಕಂದೀಲು ತೋರಿಸುತ್ತಾಳೆ, ಬಟ್ಟೆ ಬೀಸುತ್ತಾಳೆ, ಅಂಥದ್ದೇನಾದರೂ ಮಾಡುತ್ತಾಳೆಂದು ಕಾದೆ. ಅವಳು ಹಳೆಯ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಸುಟ್ಟ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಂಡಳು. ಚಪ್ಪರಿಸಿದಳು. ಇನ್ನಷ್ಟು ಕೆರೆದುಕೊಂಡಳು. ಅದರಲ್ಲಿ ಏನು ಸಂಕೇತವಿದೆಯೆಂದು ನನಗೆ ತಿಳಿಯಲಿಲ್ಲ. ತಿಳಿಯದ್ದರಿಂದ ಅನುಮಾನ ಹೆಚ್ಚಾಯಿತು. ಓದಿದವಳ ಬುದ್ಧಿ ಅದು, ಕಣ್ಣೆದುರಿನ ಬಸುರಿಯಲ್ಲಿ ಗೂಢಚಾರಿಣಿಯನ್ನು ಹುಡುಕುತ್ತಿತ್ತು.

ಆ ರಾತ್ರಿ ಬಲ ಮಗ್ಗುಲಿಗೆ ತಿರುಗುವ ಅಭ್ಯಾಸ ಬಿಟ್ಟು ಅವಳ ಕಡೆಗೇ ತಿರುಗಿ ಮಲಗಿದೆ. ಬೇಸಿಗೆಯಲ್ಲಿ ನಮ್ಮೂರಿಗೆ ಪೂರ್ತಿ ಕತ್ತಲೆ ಬರುವುದಿಲ್ಲ. ಬೂದಿ ಚೆಲ್ಲಿದ ಹಾಗೆ ಒಂದು ಬೆಳಕು ಇರುತ್ತದೆ. ಕಣ್ಣನ್ನು ಎಳೆಯಷ್ಟು ತೆರೆದು ನೋಡುತ್ತಿದ್ದೆ. ಮೈನಾ ಮಲಗಿದಳು, ಮಲಗಿದ ಕೂಡಲೇ ನಿದ್ದೆ ಹೋದಳು. ಸುಳ್ಳು ನಿದ್ದೆ ಯಾವುದು, ನಿಜ ಯಾವುದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವಳ ಬಾಯಿ ಸ್ವಲ್ಪ ತೆರೆದಿತ್ತು, ಕೆಳತುಟಿಯಲ್ಲಿ ಜೊಲ್ಲು. ಅಂಥದ್ದನ್ನು ನಟಿಸಲಾಗದು.

ನನ್ನ ಕೆಳಗೆ, ಹಾಸಿನ ಅಂಚಿನಲ್ಲಿ, ಎಂದಿನಂತೆ ತೇವ ಏಳತೊಡಗಿತು. ಹೆಪ್ಪು ಬೆವರುತ್ತಿತ್ತು. ಆಗ ಮೈನಾಳ ಕೈ ಕಂಬಳಿಯಿಂದ ಹೊರಬಂತು. ನಿದ್ದೆಯಲ್ಲಿ ಮಗು ತಾಯಿಯ ಸೆರಗನ್ನು ಹುಡುಕುವ ಹಾಗೆ ತಡವರಿಸುತ್ತ ನನ್ನ ಹಾಸಿನವರೆಗೆ ಬಂದು, ಬರಿಯ ಹೆಪ್ಪಿನ ಮೇಲೆ ಅಂಗೈ ಊರಿ ನಿಂತಿತು. ಅದರ ಸುತ್ತ ತೇವ ಆರಿತು, ಬಿಳುಪು ಹರಡಿತು, ನನ್ನ ಬೆನ್ನಿನ ಕೆಳಗೂ ಬಂತು. ಇಷ್ಟು ದಿನ ನನ್ನನ್ನು ಹೊತ್ತಿದ್ದು ಅದು. ಆ ಕೈ ಚಾಚಲು ಅವಳು ತನ್ನ ಹಾಸನ್ನು ನನ್ನ ಕಡೆಗೆ ಒಂದು ಗೇಣು ಜರುಗಿಸಿಕೊಂಡಿದ್ದಳು. ಸಂಕವ್ವನ ಕಡೆ ಬಿದ್ದ ಗೇಣು ಜಾಗ ಯಾರ ನಿದ್ದೆಯೂ ಇಲ್ಲದೆ ಬಿರಿದಿತ್ತು.

ಬೆಳಿಗ್ಗೆ ಹಾಸು ಸುತ್ತುವಾಗ ಕೇಳಿದೆ, "ಮೈನಾ, ಯಾಕೆ ಹೀಗೆ ಮಾಡಿದೆ?"

ಅವಳು ಏನು ಎಂದು ಕೇಳಲಿಲ್ಲ. ಹಗ್ಗ ಬಿಗಿಯುತ್ತಲೇ ಇದ್ದಳು. "ನಿಮಗೆ ನಿದ್ದೆ ಬರಲ್ಲ ಅಂತ ಗೊತ್ತು ಅಕ್ಕ. ನಿಜವಾಗಿ ಮಲಗಿದೋರು ಅಷ್ಟು ಚೆನ್ನಾಗಿ ಉಸಿರಾಡಲ್ಲ."

"ಒಬ್ಬರ ನಿದ್ದೆ ಇಬ್ಬರಿಗೆ ಹೇಗೆ ಸಾಲುತ್ತೆ?"

"ಒಬ್ಬಳೇ ಎಲ್ಲಿ ಮಲಗ್ತೀನಿ?" ಅವಳು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕಂಬಳಿ ಅಂಗಿಯ ಒಳಗೆ ಗಟ್ಟಿಯಾದ ಸಣ್ಣ ಉಬ್ಬು. "ಒಳಗೊಬ್ಬ ಹಗಲೂ ರಾತ್ರಿ ಮಲಗಿರ್ತಾನೆ. ಅವನ ಪಾಲಿನ ಜಾಗ ಸುಮ್ನೆ ಹಾಳಾಗೋದು ಯಾಕೆ, ನಿಮಗಿರಲಿ ಅಂತ."

"ಅಧಿಕಾರಿಗೆ ಹೇಳಿಬಿಡು. ಬಸುರಿ ಅಂದರೆ ಹಡಗು ಹತ್ತಿಸಲ್ಲ."

"ಹತ್ತಿಸಲ್ಲ. ಬಂಡೆ ಬುಡಕ್ಕೆ ಕಳಿಸ್ತಾರೆ," ಎಂದಳು. "ಒಬ್ಬಳ ನಿದ್ದೆಗೆ ಎರಡು ಹಾಸು ಗಟ್ಟಿಯಾಗುತ್ತೆ ಅಂತ ಗೊತ್ತಾದ್ರೆ ಊರಲ್ಲಿರೋ ಬಸುರೀರನ್ನೆಲ್ಲ ಸಾಲಾಗಿ ತಗೊಂಡೋಗಿ ಅಲೆ ಬಾಯಿಗೆ ಮಲಗಿಸ್ತಾರೆ. ಆಮೇಲೆ ಮದುವೆಯಾದೋರಿಗೆಲ್ಲ ಬಸುರಾಗಿ ಅಂತಾರೆ. ಆ ಮನುಷ್ಯ ಕೆಟ್ಟವನಲ್ಲ ಅಕ್ಕ. ಲೆಕ್ಕ ಬಲ್ಲವನು, ಅದಕ್ಕೇ ಹೇಳ್ತಿರೋದು. ನಮ್ಮನೆಯವರಿಗೂ ನಾನಿನ್ನೂ ಹೇಳಿಲ್ಲ."

ಹಡಗು ಬರುವ ದಿನ ಎಲ್ಲರನ್ನೂ ಕೊಟ್ಟಿಗೆಗೆ ಕರೆದರು. ಅನಂತಶಯನರು ನಕ್ಷೆಯ ಕೆಳಗೆ ನಿಂತಿದ್ದರು. ಮೈನಾಳ ಗಂಟುಮೂಟೆಯನ್ನು ಯಾರೋ ಆಗಲೇ ಬಾಗಿಲ ಬಳಿ ತಂದಿಟ್ಟಿದ್ದರು. ದುಗ್ಗಣ್ಣ ಅದರ ಪಕ್ಕದಲ್ಲಿ, ಯಾರ ಮುಖವನ್ನೂ ನೋಡದೆ, ಟೋಪಿಯನ್ನು ಹಿಂಡುತ್ತ ನಿಂತಿದ್ದ.

"ಹೇಳಿ ಕುಮುದ ಅವರೇ. ಎಚ್ಚರವಿದ್ದವರು ಯಾರು?"

"ನಾನು," ಎಂದೆ.

ಅನಂತಶಯನರು ನಕ್ಷೆಯ ಕೆಳಗಿನಿಂದ ಒಂದು ಹೆಜ್ಜೆ ಮುಂದೆ ಬಂದರು.

"ನೀವು ಎಚ್ಚರವಿದ್ದರೆ ನಿಮ್ಮ ಕೆಳಗೆ ಕರಗಬೇಕಿತ್ತು. ಬಿರಿದದ್ದು ಆ ಹುಡುಗಿಯ ಆಚೆ ಮಗ್ಗುಲು."

ಇಡೀ ರಾತ್ರಿ ತೂಗಿಟ್ಟುಕೊಂಡಿದ್ದ ಮಾತು ಅದು. "ನನ್ನ ಕೆಳಗೆ ತೇವ ಏಳುತ್ತಿತ್ತು. ಭಯವಾಯಿತು. ಅವಳು ನಿದ್ದೆಯಲ್ಲಿದ್ದಾಗ ಅವಳ ಹಾಸನ್ನು ನನ್ನ ಕಡೆಗೆ ಎಳೆದುಕೊಂಡೆ. ಅದಕ್ಕೇ ಆ ಕಡೆ ಸಂದು ಬಿತ್ತು. ಅವಳಿಗೆ ಇದು ಗೊತ್ತಿಲ್ಲ."

ಅನಂತಶಯನರು ನಾನು ಹೆದರಿದ್ದ ಪ್ರಶ್ನೆಯನ್ನೇ ಮೆಲ್ಲಗೆ ಕೇಳಿದರು. "ಹಾಗಾದರೆ ಒಬ್ಬರ ನಿದ್ದೆ ಇಬ್ಬರಿಗೆ ಸಾಲುತ್ತದೆಯೇ?"

ಇದಕ್ಕೆ ನಾನು ಮಾತು ಜೋಡಿಸಿಕೊಂಡಿರಲಿಲ್ಲ.

"ನಂದು ಸಾಲುತ್ತೆ ಸ್ವಾಮಿ!" ಎಂದು ಹಿಂದಿನಿಂದ ಸಂಕವ್ವ ಕೂಗಿದಳು. "ನನ್ನ ಗೊರಕೆ ಕೇಳಿದೀರಲ್ಲ? ಮೂರು ಹಾಸು ದಾಟಿ ಹೋಗುತ್ತೆ. ನನ್ನ ಗಂಡ ಬದುಕಿದ್ದಾಗ ಪಕ್ಕದಲ್ಲಿ ಮಲಗಿ ಮರಗಟ್ಟಿ ಹೋಗಿದ್ದ, ಬಿಸಿನೀರು ಕಾಸಿ ಬಿಡಿಸಿದ್ವಿ."

ಕೊಟ್ಟಿಗೆ ಬಿದ್ದು ಬಿದ್ದು ನಕ್ಕಿತು. ದುಗ್ಗಣ್ಣನೂ ನಕ್ಕ. ಅನಂತಶಯನರ ತುಟಿಯೂ ಅಲುಗಿತು. ನಗು ಇಳಿಯುವ ಹೊತ್ತಿಗೆ ಪ್ರಶ್ನೆ ಎಲ್ಲೋ ಬಿದ್ದುಹೋಗಿತ್ತು. ಜನ ಚದುರುವಾಗ ಸಂಕವ್ವ ನನ್ನ ಭುಜಕ್ಕೆ ಭುಜ ತಾಗಿಸಿ ನಡೆದು, "ನಾಲ್ಕು ಹೆತ್ತವಳು ಕಣೇ ನಾನು," ಎಂದಷ್ಟೇ ಹೇಳಿ ಮುಂದೆ ಹೋದಳು. ಇವಳಿಗೆ ಎಷ್ಟು ದಿನದಿಂದ ಗೊತ್ತಿತ್ತು? ಗೊತ್ತಿದ್ದೂ ಮೈನಾಳ ಗಂಟು ಬಾಗಿಲಿಗೆ ಬರುವವರೆಗೆ ಯಾಕೆ ಸುಮ್ಮನಿದ್ದಳು? ಕೇಳಲಿಲ್ಲ.

ನನ್ನನ್ನು ಹಡಗು ಹತ್ತಿಸಲಿಲ್ಲ. ಅನಂತಶಯನರು ನನ್ನನ್ನು ಹಿಂದೆ ಉಳಿಸಿಕೊಂಡು, ಮತ್ತೆ ಚಹಾ ಬಗ್ಗಿಸಿ, "ಕುಡಿಯಿರಿ, ಇನ್ನು ಪರವಾಗಿಲ್ಲ," ಎಂದರು. "ನಿಮ್ಮನ್ನು ಕಳಿಸುವುದೇ ಕ್ರಮ. ಆದರೆ ಮಲಗುವವರು ನನಗೆ ಬೇಕಾದಷ್ಟು ಜನ ಇದ್ದಾರೆ. ಎಚ್ಚರವಿರುವವರು ಒಬ್ಬರೂ ಇಲ್ಲ. ಇವತ್ತಿನಿಂದ ದಾರಿ ಕಾಯಿರಿ. ಕಂಡದ್ದನ್ನೆಲ್ಲ ಬೆಳಿಗ್ಗೆ ನನಗೆ ಹೇಳಬೇಕು. ಏನಾದರೂ ಮುಚ್ಚಿಟ್ಟರೆ ಹಡಗು ಇದ್ದೇ ಇದೆ."

ಚಹಾ ಕುಡಿದೆ. ತಣ್ಣಗಾಗಿತ್ತು.

ಸಂಜೆ ಕಂದೀಲು, ಕೋಲು ಹಿಡಿದು ದಾರಿಗೆ ಬಂದಾಗ, ನಾನು ಹತ್ತಿರವಾದಂತೆಲ್ಲ ಜನರ ಮಾತು ನಿಂತುಹೋಗುತ್ತಿತ್ತು. ನಿನ್ನೆಯವರೆಗೆ ಪಕ್ಕದಲ್ಲಿ ಮಲಗುತ್ತಿದ್ದವರು ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡರು. ಮೈನಾಳ ಹಾಸನ್ನು ಸಂಕವ್ವನ ಹಾಸಿಗೆ ತಾಗಿಸಿದ್ದರು, ಬಿರುಕು ಆಗಲೇ ಕೂಡಿಕೊಂಡಿತ್ತು. ನನ್ನ ಜಾಗ ಖಾಲಿ. ಬೆಳಗಾಗುವುದರೊಳಗೆ ಅದು ಕರಗಿ ಹೋಗುತ್ತದೆ, ದಾರಿ ಅಲ್ಲಿ ಎರಡೇ ಹಾಸಿನ ಅಗಲ ಉಳಿಯುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಬಂಡೆಯವರೆಗೆ ಹೋಗಿ ತಿರುಗಿ ಬರುವಾಗ ಮೈನಾಳ ಕೈ ಹೊರಗಿತ್ತು. ಕಂಬಳಿಯಿಂದ ಪೂರ್ವಕ್ಕೆ, ನನ್ನ ಖಾಲಿ ಜಾಗದ ಮೇಲೆ, ಅಂಗೈ ಊರಿ. ನನ್ನ ಜಾಗ ಕರಗಿರಲಿಲ್ಲ. ಪಾಪ, ಅಭ್ಯಾಸವಾಗಿಬಿಟ್ಟಿದೆ ಹುಡುಗಿಗೆ ಎಂದುಕೊಂಡೆ. ಕಂಬಳಿ ಹೊದಿಸಲು ಬಗ್ಗಿದೆ. ಕಂದೀಲು ನೀರಿನ ಮಟ್ಟಕ್ಕೆ ಇಳಿಯಿತು. ಆಗ ಕಂಡಿತು.

ದಾರಿಯ ಅಂಚಿನಿಂದ ಆಚೆಗೆ, ನೀರಿನ ಒಂದು ಗೇಣು ಕೆಳಗೆ, ಬಿಳಿಯ ನಾಲಿಗೆಯೊಂದು ಚಾಚಿಕೊಂಡಿತ್ತು. ನಿಂತು ನೋಡಿದರೆ ಬರಿಯ ಕಪ್ಪು ನೀರು. ಬಗ್ಗಿ, ದೀಪ ಕೆಳಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಕಂದೀಲಿನ ಬೆಳಕು ಮುಟ್ಟುವಷ್ಟು ದೂರವೂ ಅದು ಹೋಗಿತ್ತು, ಆಮೇಲೂ ಹೋಗಿತ್ತು. ಅದರ ದಿಕ್ಕು ಹಕ್ಕಿಬಂಡೆಯಲ್ಲ. ಅದು ನೇರ ಪೂರ್ವಕ್ಕೆ, ಆಚೆ ದಂಡೆಗೆ, ಅವಳ ತಾಯಿ ಇದ್ದ ಕಡೆಗೆ ಹೋಗುತ್ತಿತ್ತು. ಕೋಲಿನಿಂದ ಕುಟ್ಟಿ ನೋಡಿದೆ. ಗಟ್ಟಿ ಇತ್ತು. ಒಂದು ರಾತ್ರಿಯಲ್ಲಿ ಆಗುವಂಥದ್ದಲ್ಲ.

ಹಾಗಾದರೆ ಆ ಕೈ ನನಗಾಗಿ ಚಾಚಿದ್ದೇ? ಇಲ್ಲವೇ ಅದು ಹೋಗುವ ದಾರಿಯಲ್ಲಿ ನನ್ನ ಹಾಸು ಅಡ್ಡ ಬಿದ್ದಿತ್ತು, ಅಷ್ಟೇ ಏನೋ? ನಿಮಗಿರಲಿ ಅಂತ, ಎಂದಿದ್ದಳು. ಆ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಸುಳ್ಳು ಸಿಗಲಿಲ್ಲ. ನಾನು ಕೂಡ ಸುಳ್ಳು ಸಿಗದ ಹಾಗೆ ಮಾತಾಡಬಲ್ಲೆ. ಅವಳು ಮಲಗಿಯೇ ಇದ್ದಳು, ಬಾಯಿ ತೆರೆದು, ಜೊಲ್ಲು ಸುರಿಸುತ್ತ. ಹೆರಿಗೆಯ ಹೊತ್ತಿಗೆ ಆ ನಾಲಿಗೆ ತಾಯಿಯ ಮನೆಯನ್ನು ಮುಟ್ಟಬಹುದು. ಅದರ ಮೇಲೆ ಇತ್ತಲಿಂದ ಬಾಣಂತಿ ಹೋಗಬಹುದು, ಅತ್ತಲಿಂದ ಇನ್ಯಾರೋ ಬರಬಹುದು. ಎಲ್ಲಿಯವರೆಗೆ ನಮ್ಮ ಜನ ಮಲಗುತ್ತಾರೋ ಅಲ್ಲಿಯವರೆಗೆ ನಮ್ಮ ದೇಶ. ಅವಳ ಹೊಟ್ಟೆಯಲ್ಲಿ ಮಲಗಿದ್ದವನು ಯಾವ ಜನ ಎಂದು ನೀತಿಯಲ್ಲಿ ಬರೆದಿರಲಿಲ್ಲ.

ಕಂಬಳಿಯನ್ನು ಅವಳ ಭುಜದವರೆಗೆ ಎಳೆದೆ. ಕೈಯನ್ನು ಒಳಗೆ ಸೇರಿಸಲಿಲ್ಲ.

ಬೆಳಿಗ್ಗೆ ಅನಂತಶಯನರು ದಡದಲ್ಲೇ ಕಾಯುತ್ತಿದ್ದರು. "ಏನಾದರೂ ಕಂಡಿರಾ?"

"ಎಲ್ಲರೂ ಮಲಗಿದ್ದರು ಸರ್," ಎಂದೆ.

ಅದು ಸುಳ್ಳಲ್ಲ. ಅವರು ತಲೆಯಾಡಿಸಿ ನಕ್ಷೆಯ ಕಡೆಗೆ ಹೋದರು. ಹಿಂದೆ ದಾರಿಯ ಮೇಲೆ ಹೆಂಗಸರು ಏಳುತ್ತಿದ್ದರು. ಮೈನಾ ಹಾಸು ಸುತ್ತುತ್ತ ನನ್ನತ್ತ ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ನಾನು ಕಂದೀಲು ಆರಿಸುವ ನೆವದಲ್ಲಿ ತಲೆ ತಗ್ಗಿಸಿದೆ. ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಆಗಲೇ ನಿಶ್ಚಯಿಸಿಕೊಂಡಿದ್ದೆ, ಸಂಕವ್ವನಿಗೂ ಇಲ್ಲ, ಮೈನಾಳಿಗಂತೂ ಇಲ್ಲವೇ ಇಲ್ಲ. ಅವಳಿಗೆ ಗೊತ್ತಿಲ್ಲದಿದ್ದರೆ ಗೊತ್ತಾಗುವುದು ಬೇಡ. ಗೊತ್ತಿದ್ದರೆ, ನನಗೂ ಗೊತ್ತೆಂದು ಅವಳಿಗೆ ತಿಳಿಯುವುದು ಬೇಡ.